ಇಂಗ್ಲೆಂಡಿನ ಪ್ರೊಬೇಟ್, ಟಿಳಕವಾಡಿಯ ಮನೆ

ಉಯಿಲು ನಿಜವೆಂದು ಇಂಗ್ಲೆಂಡಿನ ನ್ಯಾಯಾಲಯ ಮೊಹರು ಹಾಕಿ ಕೊಡುವ ಕಾಗದ, ಅಂದರೆ ಪ್ರೊಬೇಟ್, ಕೈಗೆ ಬಂದರೆ ಬೆಳಗಾವಿಯಲ್ಲಿ ಉಳಿದದ್ದೆಲ್ಲ ಕೆಲವೇ ವಾರಗಳ ಕೆಲಸ ಎಂದು ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದರು. ಆ ಕಾಗದವನ್ನು ಇಲ್ಲಿ ಒಪ್ಪಿಸುವುದಕ್ಕೆ ಮೂರು ವರ್ಷಕ್ಕೂ ಮಿಕ್ಕಿ ಹಿಡಿಯಿತು. ಕಳೆದ ತಿಂಗಳು ಮನೆಯ ಸಿಟಿಎಸ್ ಉತಾರದಲ್ಲಿ (ಸಿಟಿ ಸರ್ವೆ ಕಚೇರಿಯ ಆಸ್ತಿ ದಾಖಲೆ) ಹೆಸರು ಬದಲಾಗಿದೆ. ಎಲ್ಲವೂ ನೆನಪಿನಲ್ಲಿರುವಾಗಲೇ ಬರೆಯುತ್ತಿದ್ದೇನೆ. ಹೊರದೇಶದಲ್ಲಿ ನೆಲೆಸಿದವರ ಮನೆ, ಹೊಲ, ಠೇವಣಿಗಳು ನಮ್ಮ ಜಿಲ್ಲೆಯಲ್ಲಿ ಬಹಳ ಇವೆ. ಅವರ ಕಡೆಯವರು ನನ್ನ ಹಾಗೆ ಒಂದೊಂದು ಕಚೇರಿಯ ಬಾಗಿಲಲ್ಲೂ ಹೊಸದಾಗಿ ಕಲಿಯುವಂತಾಗಬಾರದು.

ನಮ್ಮ ಕಾಕಾ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯದಲ್ಲಿ ಓದಿ ಎಪ್ಪತ್ತರ ದಶಕದಲ್ಲಿ ಇಂಗ್ಲೆಂಡಿಗೆ ಹೋದವರು. ಅಲ್ಲಿಯ ಗಳಿಕೆಯಲ್ಲೇ ಟಿಳಕವಾಡಿಯಲ್ಲಿ ಜಾಗ ಕೊಂಡು ಮನೆ ಕಟ್ಟಿಸಿದರು. ನಮ್ಮ ಅಜ್ಜಿ ಕೊನೆಯ ಉಸಿರೆಳೆದದ್ದು ಅದೇ ಮನೆಯಲ್ಲಿ. 2021ರ ಚಳಿಗಾಲದಲ್ಲಿ ಕಾಕಾ ಲೆಸ್ಟರ್‌ನಲ್ಲಿ ತೀರಿಕೊಂಡರು. ಅವರಿಗೆ ಒಬ್ಬಳೇ ಮಗಳು, ನನಗೆ ತಂಗಿ. ಅಲ್ಲೇ ಹುಟ್ಟಿ ಬೆಳೆದ ಬ್ರಿಟಿಷ್ ಪ್ರಜೆ, ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡ್ ಇದೆ. 2013ರಲ್ಲಿ ಅಲ್ಲಿ ಮಾಡಿದ ಉಯಿಲಿನಲ್ಲಿ ಕಾಕಾ, ಎಲ್ಲೇ ಇರಲಿ ತಮ್ಮ ಸಮಸ್ತ ಆಸ್ತಿ ಮಗಳಿಗೆ ಎಂದು ಬರೆದು, ಉಯಿಲು ಜಾರಿಗೊಳಿಸುವ ಹೊಣೆಯನ್ನೂ ಅವಳಿಗೇ ಕೊಟ್ಟಿದ್ದರು. ಕಾಕಾ ತೀರಿಕೊಂಡ ಮರುವರ್ಷ ಅವಳಿಗೆ ಅಲ್ಲಿ ಪ್ರೊಬೇಟ್ ಸಿಕ್ಕಿತು.

ಬ್ರಿಟನ್ನಿನಲ್ಲಿ ವಾರಸಾ ತೆರಿಗೆ ಇದೆ. 3,25,000 ಪೌಂಡ್‌ನ ಮೂಲ ಮಿತಿಯನ್ನು ದಾಟಿದ ಭಾಗಕ್ಕೆ ಸಾಮಾನ್ಯವಾಗಿ ಶೇ 40. ಭಾರತದಲ್ಲಿ ಅಂಥದೇ ತೆರಿಗೆಯಾದ ಎಸ್ಟೇಟ್ ಡ್ಯೂಟಿ 1985ರಲ್ಲೇ ರದ್ದಾಗಿದೆ. ಆದರೂ ಕಾಕಾನಂಥವರ ವಿಷಯದಲ್ಲಿ ಬೆಳಗಾವಿಯ ಮನೆಯನ್ನೂ ಅಲ್ಲಿಯ ತೆರಿಗೆ ಲೆಕ್ಕದಲ್ಲಿ ತೋರಿಸಬೇಕು. ವಿದೇಶಿ ಆಸ್ತಿಗೆಂದೇ ಐಎಚ್‌ಟಿ417 ಎಂಬ ಪ್ರತ್ಯೇಕ ನಮೂನೆ ಇದೆ. ಅದಕ್ಕಾಗಿ ನಾನು ಇಲ್ಲಿಂದ ಮೌಲ್ಯಮಾಪಕರ ವರದಿ ಮಾಡಿಸಿ ಕಳುಹಿಸಿದ್ದೆ. ಆ ವರದಿಯ ಮೂಲ ಪ್ರತಿಯನ್ನು ಜೋಪಾನವಾಗಿಡಿ. ಮುಂದೆ ಇಲ್ಲಿಯ ನ್ಯಾಯಾಲಯಕ್ಕೆ ಕೊಡುವ ಮೌಲ್ಯಕ್ಕೂ ಅದಕ್ಕೂ ವ್ಯತ್ಯಾಸ ಕಂಡರೆ ಎದುರಿನ ವಕೀಲರು ಮೊದಲು ಹಿಡಿಯುವುದು ಅದನ್ನೇ.

ಪ್ರೊಬೇಟ್ ಕೈಗೆ ಬಂದ ಮೇಲೆ ತಂಗಿ ಅದರ ಪ್ರತಿ ಕಳುಹಿಸಿದಳು. ಕಾಕಾ ಅನಿವಾಸಿ ಖಾತೆಯಲ್ಲಿ ಠೇವಣಿ ಇಟ್ಟಿದ್ದ ಬ್ಯಾಂಕಿಗೆ ನಾನು ಮೊದಲು ಹೋದೆ. ನಾಮನಿರ್ದೇಶನ ಇರಲಿಲ್ಲ. ವ್ಯವಸ್ಥಾಪಕರು ಕಾಗದವನ್ನು ತಿರುವಿ ನೋಡಿ, “ಇದು ಅಲ್ಲಿಯ ಕೋರ್ಟಿನದು, ನಮಗೆ ಇಲ್ಲಿಯ ಕೋರ್ಟಿನ ಆದೇಶ ಬೇಕು” ಎಂದರು. ಸಿಟಿ ಸರ್ವೆ ಕಚೇರಿಯಲ್ಲಿ ಅರ್ಜಿ ತೆಗೆದುಕೊಂಡರು. ಆದರೆ ಸ್ವಲ್ಪ ದಿನದಲ್ಲೇ ಅಲ್ಲಿಗೆ ಒಂದು ತಕರಾರು ಬಂತು. ಹಾಕಿದವರು ನಮ್ಮ ದೊಡ್ಡಪ್ಪನ ಮಗ, ಚಿಕ್ಕಂದಿನಿಂದ ನಾನು ಅಣ್ಣ ಎಂದು ಕರೆಯುತ್ತಾ ಬಂದವರು. ಅವರ ಕೈಯಲ್ಲಿ ಇನ್ನೊಂದು ಮೃತ್ಯುಪತ್ರ ಇತ್ತು. 1994ರಲ್ಲಿ ಕಾಕಾ ರಜೆಗೆ ಬಂದಾಗ ಬೆಳಗಾವಿಯ ಉಪನೋಂದಣಾಧಿಕಾರಿ ಕಚೇರಿಯಲ್ಲೇ ನೋಂದಾಯಿಸಿದ್ದು. ಅದರ ಪ್ರಕಾರ ಟಿಳಕವಾಡಿಯ ಮನೆ ಅಣ್ಣನಿಗೆ.

ಆ ಪತ್ರ ಸುಳ್ಳಾಗಿರಲಿಲ್ಲ. ಅಜ್ಜಿಯ ಆರೈಕೆ ಮಾಡಿದವರು ಅಣ್ಣ ಮತ್ತು ಅತ್ತಿಗೆ. ಮನೆಯ ತೆರಿಗೆ ಕಟ್ಟಿದವರು, ಮಳೆಗಾಲಕ್ಕೆ ಮುಂಚೆ ಹಂಚು ಸರಿಪಡಿಸಿದವರು ಅವರೇ. ಕಾಕಾ 1994ರಲ್ಲಿ ಬರೆದುಕೊಟ್ಟದ್ದು ಆ ಋಣಕ್ಕೆ. ಆದ್ದರಿಂದಲೇ ಈ ದಾವೆ ನನ್ನ ನಿದ್ದೆಗೆಡಿಸಿತು. ಎದುರಿಗಿದ್ದವರು ದುಷ್ಟರಾಗಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ವಕೀಲರ ಬಳಿ ಹೋದಾಗ ಅವರು ಮೊದಲು ಹೇಳಿದ ಮಾತು ನನಗೆ ಆಶ್ಚರ್ಯ ತಂದಿತು. “ಬಾಯಿಯವರೇ, ಬೆಳಗಾವಿಯ ಹಿಂದೂಗಳಿಗೆ ಪ್ರೊಬೇಟ್ ಕಡ್ಡಾಯವೇ ಅಲ್ಲ.” ಬ್ರಿಟಿಷರ ಕಾಲದಲ್ಲಿ ಆ ಕಡ್ಡಾಯ ಬಂದದ್ದು ಬಂಗಾಳಕ್ಕೆ, ಮತ್ತು ಮುಂಬಯಿ, ಮದ್ರಾಸ್ ಹೈಕೋರ್ಟ್‌ಗಳ ಮೂಲ ಸಿವಿಲ್ ವ್ಯಾಪ್ತಿಯ, ಅಂದರೆ ದಾವೆಗಳು ನೇರವಾಗಿ ಹೈಕೋರ್ಟಿಗೇ ಹೋಗುವ, ನಗರಗಳಿಗೆ. ಬೆಳಗಾವಿ ಮುಂಬಯಿ ಪ್ರಾಂತ್ಯದಲ್ಲಿ ಇತ್ತಾದರೂ ಆ ವ್ಯಾಪ್ತಿಯಲ್ಲಿ ಇರಲಿಲ್ಲ. ತಕರಾರು ಇಲ್ಲದಿದ್ದರೆ ಉಯಿಲಿನ ಮೇಲೆಯೇ ಹೆಸರು ಬದಲಾಯಿಸಿಕೊಳ್ಳಬಹುದಿತ್ತು. ತಕರಾರು ಬಂದ ಮೇಲೆ ನ್ಯಾಯಾಲಯದ ಮೆಟ್ಟಿಲು ಹತ್ತಲೇಬೇಕು.

ಅವರು ತೋರಿಸಿದ ದಾರಿ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 228ನೇ ಕಲಂ. ಉಯಿಲೊಂದು ರಾಜ್ಯದ ಹೊರಗಿನ, ಅಥವಾ ಭಾರತದ ಹೊರಗಿನ, ಅಧಿಕಾರವುಳ್ಳ ನ್ಯಾಯಾಲಯದಲ್ಲಿ ರುಜುವಾತಾಗಿ ಅಲ್ಲೇ ಠೇವಣಿಯಾಗಿದ್ದರೆ, ಅದರ ಸರಿಯಾಗಿ ದೃಢೀಕರಿಸಿದ ಪ್ರತಿಯನ್ನು ಹಾಜರುಪಡಿಸಿ ಇಲ್ಲಿ ಆಡಳಿತಾಧಿಕಾರ ಪತ್ರ (ತೀರಿಕೊಂಡವರ ಆಸ್ತಿಯನ್ನು ನಿರ್ವಹಿಸಲು ನ್ಯಾಯಾಲಯ ಕೊಡುವ ಅಧಿಕಾರ) ಪಡೆಯಬಹುದು. ಇಂಗ್ಲೆಂಡಿನಲ್ಲಿ ಪ್ರೊಬೇಟ್ ಆದ ಮೂಲ ಉಯಿಲು ಅಲ್ಲಿಯ ದಾಖಲೆಯಲ್ಲೇ ಉಳಿಯುತ್ತದೆ, ಮನೆಯವರಿಗೆ ವಾಪಸ್ ಸಿಗುವುದಿಲ್ಲ. ಈ ಕಲಂ ಇಲ್ಲದಿದ್ದರೆ ನಾವು ಮೂಲ ಪ್ರತಿಯನ್ನು ಎಲ್ಲಿಂದ ತರಬೇಕಿತ್ತು? ಅರ್ಜಿ ಹೋಗುವುದು ಜಿಲ್ಲಾ ನ್ಯಾಯಾಧೀಶರ ಮುಂದೆ. ತೀರಿಕೊಂಡವರು ಇಲ್ಲಿ ವಾಸವಿರಲಿಲ್ಲವಾದರೂ ಆ ಜಿಲ್ಲೆಯಲ್ಲಿ ಆಸ್ತಿ ಇದ್ದರೆ ಸಾಕು.

ಹಲವರು ನನ್ನನ್ನು ಕೇಳಿದ್ದಾರೆ: ಬ್ರಿಟನ್ನಿನ ತೀರ್ಪುಗಳನ್ನು ಇಲ್ಲಿ ನೇರವಾಗಿ ಜಾರಿ ಮಾಡಬಹುದಲ್ಲವೇ ಎಂದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಂ ಇರುವುದು ಹಣ ಪಾವತಿಯ ಡಿಕ್ರಿಗಳಿಗೆ. ಪ್ರೊಬೇಟ್ ಆ ಜಾತಿಗೆ ಸೇರಿದ್ದಲ್ಲ. ಇನ್ನೊಂದು ಸಂಗತಿ, ಮನೆ ಮತ್ತು ಹೊಲದ ಉತ್ತರಾಧಿಕಾರವನ್ನು ಅವು ಇರುವ ನೆಲದ ಕಾನೂನೇ ತೀರ್ಮಾನಿಸುತ್ತದೆ. ಬ್ಯಾಂಕ್ ಠೇವಣಿಯಂಥ ಚರಾಸ್ತಿಗೆ ತೀರಿಕೊಂಡವರ ಕಾಯಂ ನೆಲೆಯ ಕಾನೂನು. ಎರಡಕ್ಕೂ ಒಂದೇ ಉಯಿಲು ಇದ್ದರೂ ವಾದ ಬೇರೆ ಬೇರೆ ದಾರಿ ಹಿಡಿಯುತ್ತದೆ.

ಮುಂದಿನದು ಕಾಗದಗಳ ಪರ್ವ. ಬಹುತೇಕರ ಕಾಲ ಇಲ್ಲೇ ಹೋಗುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ತಂಗಿಯ ಕಡೆಯ ಇಂಗ್ಲಿಷ್ ವಕೀಲರು ಕಳುಹಿಸಿದ ಕಟ್ಟಿನಲ್ಲಿ ಪ್ರೊಬೇಟ್‌ನ ಮತ್ತು ಉಯಿಲಿನ ಜೆರಾಕ್ಸ್ ಪ್ರತಿಗಳಿದ್ದವು. ಅದರ ಮೇಲೆ ಆ ವಕೀಲರದೇ ದೃಢೀಕರಣ, ಅದಕ್ಕೆ ಅಪೊಸ್ಟಿಲ್, ಅಂದರೆ ಹೊರದೇಶದಲ್ಲಿ ಬಳಸುವ ಕಾಗದದ ಸಹಿ, ಮೊಹರು ನಿಜವೆಂದು ಸರ್ಕಾರ ಕೊಡುವ ಪ್ರಮಾಣ. ನಮ್ಮ ವಕೀಲರು ಅದನ್ನು ಒಪ್ಪಲಿಲ್ಲ. ಅಂಥ ಅಪೊಸ್ಟಿಲ್ ಹೇಳುವುದು ವಕೀಲರ ಸಹಿ ನಿಜವಾದದ್ದು ಎಂದಷ್ಟೇ. ಉಯಿಲನ್ನು ಇಟ್ಟುಕೊಂಡಿರುವ ನ್ಯಾಯಾಲಯವೇ ಕೊಟ್ಟ ಪ್ರತಿ ಇದು ಎಂದು ಅದು ಹೇಳುವುದಿಲ್ಲ. ತಂಗಿ ಅಲ್ಲಿಯ ಪ್ರೊಬೇಟ್ ಕಚೇರಿಗೆ ಮತ್ತೆ ಅರ್ಜಿ ಹಾಕಿ, ಉಯಿಲನ್ನೂ ಸೇರಿಸಿ ನ್ಯಾಯಾಲಯದ ಮೊಹರಿನ, ಅಧಿಕಾರಿಯ ಸಹಿಯ ಪ್ರತಿ ತರಿಸಿ, ಅದಕ್ಕೆ ಬ್ರಿಟನ್ನಿನ ವಿದೇಶಾಂಗ ಇಲಾಖೆಯ ಅಪೊಸ್ಟಿಲ್ ಹಾಕಿಸಿದಳು. ತಿಂಗಳುಗಳು ಹಾಗೆಯೇ ಕಳೆದವು. ನಿಮ್ಮವರು ಹೊರದೇಶದಲ್ಲಿ ಪ್ರೊಬೇಟ್‌ಗೆ ಅರ್ಜಿ ಹಾಕುತ್ತಿದ್ದರೆ ‘ಭಾರತದಲ್ಲಿ ಬಳಸಲು’ ಎಂದು ತಿಳಿಸಿ ಇಂಥ ಪ್ರತಿಗಳನ್ನು ಮೊದಲೇ ಎರಡು ಮೂರು ತೆಗೆಸಿಡಲು ಹೇಳಿ. ಹೇಗ್ ಅಪೊಸ್ಟಿಲ್ ಒಪ್ಪಂದ ಭಾರತದಲ್ಲಿ 2005ರ ಜುಲೈ 14ರಿಂದ ಜಾರಿಯಲ್ಲಿದೆ, ಬೇರೆ ರಾಯಭಾರ ಮೊಹರು ಬೇಕಿಲ್ಲ. ಬ್ರಿಟನ್ನಿನ ಅಪೊಸ್ಟಿಲನ್ನು ಅದರ ಸಂಖ್ಯೆ ಕೊಟ್ಟು ಅಂತರ್ಜಾಲದಲ್ಲಿ ಪರಿಶೀಲಿಸಬಹುದು. ಆ ಪರಿಶೀಲನೆಯ ಮುದ್ರಿತ ಪುಟವನ್ನೂ ಅರ್ಜಿಗೆ ಲಗತ್ತಿಸಿದೆವು.

ಎರಡನೆಯದು ಅಧಿಕಾರ ಪತ್ರ (ಪವರ್ ಆಫ್ ಅಟಾರ್ನಿ). ತಂಗಿಗೆ ಇಲ್ಲಿ ಬಂದು ಕೂರುವುದು ಸಾಧ್ಯವಿರಲಿಲ್ಲ. ಉಯಿಲು ಜಾರಿಗೊಳಿಸಬೇಕಾದವರು ರಾಜ್ಯದಲ್ಲಿ ಇಲ್ಲದಿದ್ದರೆ ಅವರಿಂದ ಇಂಥ ಅಧಿಕಾರ ಪತ್ರ ಪಡೆದ ಮುಖತ್ಯಾರರಿಗೆ, ಅವರ ಹಿತಕ್ಕಾಗಿ, ಆಡಳಿತಾಧಿಕಾರ ಪತ್ರ ಕೊಡಲು ಅದೇ ಕಾಯ್ದೆಯ 241ನೇ ಕಲಮಿನಲ್ಲಿ ಅವಕಾಶ ಇದೆ. ಹಾಗೆ ನಾನು ಅರ್ಜಿದಾರಳಾದೆ. ತಂಗಿ ಬರ್ಮಿಂಗ್‌ಹ್ಯಾಮ್‌ನ ಭಾರತೀಯ ಕಾನ್ಸುಲೇಟ್‌ನಲ್ಲಿ ಅಧಿಕಾರಿಯ ಎದುರು ಸಹಿ ಮಾಡಿ ಕಳುಹಿಸಿದಳು. ಹೊರದೇಶದಲ್ಲಿ ಬರೆದ ಅಧಿಕಾರ ಪತ್ರ ಕರ್ನಾಟಕಕ್ಕೆ ಬಂದ ದಿನದಿಂದ ಮೂರು ತಿಂಗಳೊಳಗೆ ಅದಕ್ಕೆ ಇಲ್ಲಿಯ ಮುದ್ರಾಂಕ ಶುಲ್ಕ ಕಟ್ಟಬೇಕು. ಕೊರಿಯರ್ ಲಕೋಟೆಯನ್ನು ಎಸೆಯಬೇಡಿ. ಯಾವ ದಿನ ಬಂತು ಎಂಬುದಕ್ಕೆ ಅದೇ ಸಾಕ್ಷಿ.

ಮೂರನೆಯದು ಹೆಸರು. ಇಲ್ಲಿಯ ಉತಾರದಲ್ಲಿ ನಮ್ಮ ಕಡೆಯ ರೂಢಿಯಂತೆ ಕಾಕಾನ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಮೂರೂ ಇದ್ದವು. ಇಂಗ್ಲೆಂಡಿನ ಪ್ರೊಬೇಟ್‌ನಲ್ಲಿ ನಡುವಿನ ಹೆಸರು ಇರಲಿಲ್ಲ, ಅಡ್ಡಹೆಸರಿನ ಕಾಗುಣಿತವೂ ಬೇರೆ. ಊರು ಅಲ್ಲಿ ‘ಬೆಲ್ಗಾಮ್’, ಇಲ್ಲಿ 2014ರ ನವೆಂಬರ್ 1ರಿಂದ ಬೆಳಗಾವಿ. ಊರಿನದು ದೊಡ್ಡ ತೊಡಕಾಗಲಿಲ್ಲ, ವ್ಯಕ್ತಿ ಒಬ್ಬರೇ ಎಂದು ತೋರಿಸುವುದೇ ಕಷ್ಟವಾಯಿತು. ಹಳೆಯ ಭಾರತೀಯ ಪಾಸ್‌ಪೋರ್ಟ್, ಶಾಲೆ ಬಿಟ್ಟ ದಾಖಲೆ, ಜಾಗದ ಖರೀದಿ ಪತ್ರ, ಇವನ್ನೆಲ್ಲ ಕೂಡಿಸಿ ಪ್ರಮಾಣಪತ್ರ ಮಾಡಿಸಿದೆವು. ಹಳೆಯ ಪಾಸ್‌ಪೋರ್ಟ್ ಸಿಕ್ಕಿದ್ದು ಕಾಕಾ ಇಲ್ಲಿ ಬಿಟ್ಟುಹೋಗಿದ್ದ ಟ್ರಂಕಿನ ತಳದಲ್ಲಿ. ಅದರಲ್ಲಿ ಅವರ ಇಪ್ಪತ್ತೈದರ ಮುಖ ನೋಡಿ ನನಗೆ ಆ ದಿನ ಬೇರೆ ಕೆಲಸವೇ ಆಗಲಿಲ್ಲ.

ಅರ್ಜಿಯ ಜೊತೆ ಆಸ್ತಿಯ ಮೌಲ್ಯಪಟ್ಟಿ ಕೊಡಬೇಕು. ಕೋರ್ಟ್ ಶುಲ್ಕ ಆ ಮೌಲ್ಯದ ಮೇಲೆ ಶೇಕಡಾವಾರು ಲೆಕ್ಕದಲ್ಲಿ ಬರುತ್ತದೆ. ನಮ್ಮ ಒಟ್ಟು ಖರ್ಚಿನಲ್ಲಿ ಎಲ್ಲಕ್ಕಿಂತ ದೊಡ್ಡದು ಇದೇ, ವಕೀಲರ ಶುಲ್ಕಕ್ಕಿಂತಲೂ ಹೆಚ್ಚು. ಇಂಗ್ಲೆಂಡಿನಲ್ಲಿ ಪ್ರೊಬೇಟ್ ಶುಲ್ಕ ಆಸ್ತಿ ಎಷ್ಟೇ ದೊಡ್ಡದಿರಲಿ ಒಂದೇ ಮೊತ್ತ. ಅದನ್ನೇ ಕಂಡಿದ್ದ ತಂಗಿ ಇಲ್ಲಿಯ ಅಂಕಿ ಕೇಳಿ ಫೋನಿನಲ್ಲಿ ಬಹಳ ಹೊತ್ತು ಮಾತಾಡಲಿಲ್ಲ. ಠೇವಣಿಯ ಹಣ ಬಿಡುಗಡೆಯಾಗದೆ ಈ ಶುಲ್ಕಕ್ಕೆ ಹಣ ಹೊಂದಿಸಬೇಕಾಗುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ.

ಕಾಲಮಿತಿಯನ್ನೂ ಮರೆಯಬೇಡಿ. ಇಂಥ ಅರ್ಜಿಗಳಿಗೂ ಮೂರು ವರ್ಷದ ಮಿತಿ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ಅರ್ಜಿ ಹಾಕುವ ಹಕ್ಕು ಹುಟ್ಟಿದ ದಿನದಿಂದ ಎಣಿಕೆ. ‘ಮನೆ ಎಲ್ಲಿಗೂ ಓಡಿಹೋಗುವುದಿಲ್ಲ’ ಎಂದು ಕೂರಬಾರದು.

ನ್ಯಾಯಾಲಯ ಹತ್ತಿರದ ಸಂಬಂಧಿಕರಿಗೆ ನೋಟಿಸ್ ಕಳುಹಿಸಿತು, ದಿನಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆಯೂ ಬಂತು. ಅಣ್ಣ ವಕೀಲರ ಮೂಲಕ, ತಮ್ಮನ್ನು ಕೇಳದೆ ಪತ್ರ ಕೊಡಬಾರದೆಂದು ಕೇವಿಯಟ್ ಹಾಕಿ ಆಕ್ಷೇಪ ಸಲ್ಲಿಸಿದರು. ಹಾಗೆ ಆಕ್ಷೇಪ ಬಂದ ಕೂಡಲೇ ಅರ್ಜಿ ಸಾಮಾನ್ಯ ದಾವೆಯ ರೂಪ ಪಡೆಯುತ್ತದೆ: ನಾವು ವಾದಿ, ಅವರು ಪ್ರತಿವಾದಿ, ಕೈಫಿಯತ್ತು, ವಿವಾದಾಂಶಗಳು, ಸಾಕ್ಷಿ, ಪಾಟಿ ಸವಾಲು. ತಾರೀಖಿನಿಂದ ತಾರೀಖಿಗೆ ಹೋಗುವುದು ಅಭ್ಯಾಸವಾಯಿತು. ಚನ್ನಮ್ಮ ವೃತ್ತದಲ್ಲಿ ಇಳಿದು ನ್ಯಾಯಾಲಯದ ಆವರಣದ ಕಡೆ ನಡೆಯುವಾಗ ಅಣ್ಣ ಎದುರಾದರೆ ಇಬ್ಬರೂ ತಲೆ ತಗ್ಗಿಸುತ್ತಿದ್ದೆವು. ಆ ವರ್ಷ ನಾಗರ ಪಂಚಮಿಗೆ ಅವರ ಮನೆಯಿಂದ ಕರೆ ಬರಲಿಲ್ಲ. ತವರಿನ ಕಡೆಯಿಂದ ಕರೆ ಬಾರದ ಪಂಚಮಿ ನನ್ನ ಜೀವನದಲ್ಲಿ ಅದೇ ಮೊದಲು.

ಅಣ್ಣನ ಕಡೆಯಿಂದ ನಾಲ್ಕು ವಾದಗಳು ಬಂದವು. ತಮ್ಮದು ನೋಂದಾಯಿತ ಮೃತ್ಯುಪತ್ರ, ಇಂಗ್ಲೆಂಡಿನದು ಅಲ್ಲ. ಇಂಗ್ಲೆಂಡಿನ ಉಯಿಲು ಅಲ್ಲಿಯ ಆಸ್ತಿಗೆ ಮಾತ್ರ. 2013ರಲ್ಲಿ ಕಾಕಾನ ಆರೋಗ್ಯ ಸರಿ ಇರಲಿಲ್ಲ. ಕಾಕಾನ ಪಾಲು ಇದ್ದ ಬೈಲಹೊಂಗಲ ತಾಲ್ಲೂಕಿನ ಹೊಲ ಪಿತ್ರಾರ್ಜಿತ, ಅದನ್ನು ಪೂರ್ತಿ ಉಯಿಲಿನಲ್ಲಿ ಬರೆಯಲು ಅವರಿಗೆ ಹಕ್ಕಿಲ್ಲ.

ಆರೋಗ್ಯದ ಮಾತು ಬಂದದ್ದರಿಂದ, 228ನೇ ಕಲಂ ಇದ್ದರೂ, ಉಯಿಲಿಗೆ ಸಾಕ್ಷಿ ಹಾಕಿದವರಲ್ಲಿ ಒಬ್ಬರನ್ನಾದರೂ ವಿಚಾರಿಸುವುದು ಕ್ಷೇಮ ಎಂದು ವಕೀಲರು ಹೇಳಿದರು. ಸಾಕ್ಷಿಗಳಿಬ್ಬರೂ ಲೆಸ್ಟರ್‌ನ ನೆರೆಯವರು. ಒಬ್ಬರು ತೀರಿಕೊಂಡಿದ್ದರು. ಇನ್ನೊಬ್ಬರು ಬಸ್ ಚಾಲಕರಾಗಿ ನಿವೃತ್ತರಾದ ವೃದ್ಧರು. ವಿಡಿಯೊ ಮೂಲಕ ಸಾಕ್ಷ್ಯ ಪಡೆಯಲು ನ್ಯಾಯಾಲಯ ಅನುಮತಿ ಕೊಟ್ಟಿತು. ಸಾಕ್ಷಿ ಹೊರದೇಶದಲ್ಲಿದ್ದರೆ ಅಲ್ಲಿಯ ಭಾರತೀಯ ರಾಯಭಾರ ಅಥವಾ ಕಾನ್ಸುಲೇಟ್ ಕಚೇರಿಯ ಅಧಿಕಾರಿ ಸಮನ್ವಯಕ್ಕೆ ಇರಬೇಕು, ಮನೆಯಲ್ಲಿ ಕೂತು ಮೊಬೈಲ್‌ನಲ್ಲಿ ಮಾತಾಡಿದರೆ ನಡೆಯುವುದಿಲ್ಲ. ಚಳಿಗಾಲದಲ್ಲಿ ನಾವು ಅವರಿಗಿಂತ ಐದೂವರೆ ಗಂಟೆ ಮುಂದೆ, ಬೇಸಿಗೆಯಲ್ಲಿ ನಾಲ್ಕೂವರೆ. ಅಲ್ಲಿ ಕಚೇರಿ ತೆರೆಯುವ ಹೊತ್ತಿಗೆ ಇಲ್ಲಿ ಮಧ್ಯಾಹ್ನದ ಊಟ ಮುಗಿದಿರುತ್ತದೆ. ಆದ್ದರಿಂದ ಸಮಯ ಮಧ್ಯಾಹ್ನಕ್ಕೇ ಸಿಗುವಂತೆ ಅರ್ಜಿಯಲ್ಲೇ ಕೋರಿಕೊಳ್ಳಿ. ತೋರಿಸಬೇಕಾದ ದಾಖಲೆಗಳ ಪ್ರತಿಗಳನ್ನು ಮುಂಚೆಯೇ ಅಲ್ಲಿಗೆ ತಲುಪಿಸಿರಬೇಕು.

ಆ ವೃದ್ಧರು ಕೋಟು ಹಾಕಿಕೊಂಡು ಪರದೆಯ ಮೇಲೆ ಬಂದರು. ಕಾಕಾ ತಮ್ಮೆದುರೇ ಸಹಿ ಮಾಡಿದರು, ತಾವಿಬ್ಬರೂ ಅವರೆದುರು ಸಹಿ ಹಾಕಿದೆವು ಎಂದರು. ಎದುರಿನ ವಕೀಲರು, ಉಯಿಲಿನಲ್ಲಿ ಏನಿತ್ತು ಗೊತ್ತೇ ಎಂದು ಕೇಳಿದರು. “ಇಲ್ಲ. ಅದು ಅವರ ಖಾಸಗಿ ವಿಷಯ” ಎಂದರು ಅವರು. ನನ್ನ ಎದೆ ಧಸಕ್ಕೆಂದಿತು. ಆಮೇಲೆ ವಕೀಲರು ಸಮಾಧಾನ ಹೇಳಿದರು: ಸಾಕ್ಷಿ ಹಾಕುವವರಿಗೆ ಸಹಿ ಕಂಡಿದ್ದರೆ ಸಾಕು, ಒಳಗಿನ ಬರಹ ತಿಳಿದಿರಬೇಕಿಲ್ಲ. ತಂಗಿಯ ಸಾಕ್ಷ್ಯವೂ ಹಾಗೆಯೇ ವಿಡಿಯೊದಲ್ಲಿ ಆಯಿತು. ಮುಖತ್ಯಾರರಾದವರು ಮೂಲ ವ್ಯಕ್ತಿಗೆ ಮಾತ್ರ ಗೊತ್ತಿರುವ ಸಂಗತಿಗಳಿಗೆ ಅವರ ಬದಲು ಸಾಕ್ಷಿ ಹೇಳುವಂತಿಲ್ಲ. ಅಧಿಕಾರ ಪತ್ರ ಕೊಟ್ಟ ಮಾತ್ರಕ್ಕೆ ನಿಮ್ಮವರು ಪೂರ್ತಿ ನಿಶ್ಚಿಂತರಾಗುವುದಿಲ್ಲ ಎಂದು ಮೊದಲೇ ಹೇಳಿಡಿ.

ನನ್ನ ಪಾಟಿ ಸವಾಲಿನ ದಿನ ಅಣ್ಣನ ವಕೀಲರು, ಅಜ್ಜಿಯನ್ನು ನೋಡಿಕೊಂಡವರು ಯಾರು ಎಂದು ಕೇಳಿದರು. “ಅಣ್ಣ, ಅತ್ತಿಗೆ” ಎಂದೆ. ನಿಜವನ್ನು ಬೇರೆ ರೀತಿ ಹೇಳುವುದು ಹೇಗೆ? ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಅಣ್ಣ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡದ್ದು ಕಟಕಟೆಯಿಂದ ಕಾಣಿಸಿತು.

ಆದೇಶ ಬಂದದ್ದು 2025ರಲ್ಲಿ. ಉಯಿಲಿಗೆ ನೋಂದಣಿ ಕಡ್ಡಾಯವಲ್ಲ, ನೋಂದಾಯಿತವಾದ ಮಾತ್ರಕ್ಕೆ ಹಿಂದಿನ ಉಯಿಲು ನಂತರದ್ದಕ್ಕಿಂತ ಮೇಲಾಗುವುದಿಲ್ಲ. ಬರೆದವರು ಬದುಕಿರುವವರೆಗೆ ಅದನ್ನು ಬದಲಿಸಬಹುದು. 2013ರ ಉಯಿಲಿನ ಮೊದಲ ಸಾಲಿನಲ್ಲೇ ಹಿಂದಿನ ಎಲ್ಲ ಉಯಿಲುಗಳನ್ನು ರದ್ದುಪಡಿಸಿದ್ದೇನೆ ಎಂದಿತ್ತು, ಮುಂದೆ ‘ಎಲ್ಲೇ ಇರುವ’ ಆಸ್ತಿ ಎಂದಿತ್ತು. ಇವೆರಡೂ ಸೇರಿ 1994ರ ಪತ್ರ ಬಿದ್ದುಹೋಯಿತು.

ಎರಡು ದೇಶಗಳಲ್ಲಿ ಆಸ್ತಿ ಇರುವವರು ದಯವಿಟ್ಟು ಇಲ್ಲಿ ಗಮನ ಕೊಡಿ. ಆ ರದ್ದತಿಯ ಸಾಲು ಇಂಗ್ಲೆಂಡಿನ ವಕೀಲರ ಸಿದ್ಧ ನಮೂನೆಗಳಲ್ಲಿ ಸಾಮಾನ್ಯ. ಕಾಕಾ ಅದನ್ನು ಬೆಳಗಾವಿಯ ಪತ್ರವನ್ನು ನೆನಪಿಟ್ಟುಕೊಂಡೇ ಬರೆಸಿದರೋ, ನಮೂನೆಯಲ್ಲಿ ಇದ್ದದ್ದಕ್ಕೆ ಸಹಿ ಹಾಕಿದರೋ, ಇನ್ನು ಕೇಳುವಂತಿಲ್ಲ. ಭಾರತದ ಆಸ್ತಿಗೆ ಪ್ರತ್ಯೇಕ ಉಯಿಲು ಮಾಡುವುದು ಒಳ್ಳೆಯದೇ. ಆದರೆ ಎರಡರಲ್ಲೂ ಇದು ಯಾವ ದೇಶದ ಆಸ್ತಿಗೆ ಮಾತ್ರ, ಮತ್ತು ಇನ್ನೊಂದನ್ನು ಇದು ರದ್ದುಪಡಿಸುವುದಿಲ್ಲ ಎಂದು ಸ್ಪಷ್ಟವಾಗಿ ಬರೆಸಬೇಕು. ಒಂದು ಸಾಲಿನ ಅಸ್ಪಷ್ಟತೆಗೆ ನಮ್ಮ ಎರಡು ಮನೆಗಳು ವರ್ಷಗಟ್ಟಲೆ ಮಾತು ಬಿಟ್ಟವು.

ಹೊಲದ ವಿಷಯದಲ್ಲಿ ನ್ಯಾಯಾಲಯ ಏನನ್ನೂ ತೀರ್ಮಾನಿಸಲಿಲ್ಲ. ಇಂಥ ಪ್ರಕರಣದಲ್ಲಿ ನೋಡುವುದು ಉಯಿಲು ನಿಜವೇ, ಕೊನೆಯದೇ ಎಂಬುದನ್ನು ಮಾತ್ರ. ಆಸ್ತಿ ಯಾರದು, ಪಿತ್ರಾರ್ಜಿತವೇ ಎಂಬುದಕ್ಕೆ ಬೇರೆ ದಾವೆ ಹೂಡಬೇಕು. ಪ್ರೊಬೇಟ್ ಸಿಕ್ಕರೆ ಮಾಲೀಕತ್ವ ಸಿಕ್ಕಿತು ಎಂದು ತಿಳಿಯುವವರೇ ಹೆಚ್ಚು, ಅದು ಹಾಗಲ್ಲ.

ಆದೇಶವಾದರೂ ಪತ್ರ ಕೈಗೆ ಸಿಗುವ ಮುನ್ನ ಜಾಮೀನು ಸಹಿತ ಬಾಂಡ್ ಕೊಡಬೇಕಾಯಿತು. ಜಾಮೀನುದಾರರ ಆಸ್ತಿಯ ಉತಾರ ಬೇಕು. ಮನೆಯ ಜಗಳದಲ್ಲಿ ಸಂಬಂಧಿಕರಾರೂ ಮುಂದೆ ಬರಲಿಲ್ಲ, ಯಾರನ್ನೂ ದೂರಲಾರೆ. ನನ್ನ ಜೊತೆ ಶಾಲೆಯಲ್ಲಿ ಕಲಿಸಿದ ನಿವೃತ್ತ ಶಿಕ್ಷಕರೊಬ್ಬರು ಖಾನಾಪುರದ ತಮ್ಮ ಹೊಲದ ಉತಾರ ಹಿಡಿದು ತಾವಾಗಿ ಬಂದರು. ಜಾಮೀನಿಗೆ ಯಾರು ಎಂಬುದನ್ನು ಅರ್ಜಿ ಹಾಕುವ ದಿನವೇ ಯೋಚಿಸಿಡಿ.

ಪತ್ರ ಸಿಕ್ಕ ಮೇಲೆ ಬ್ಯಾಂಕ್ ತಕರಾರು ಮಾಡಲಿಲ್ಲ. ಹಣ ಹೊರದೇಶಕ್ಕೆ ಕಳುಹಿಸಲು ಒಂದು ಹಣಕಾಸು ವರ್ಷಕ್ಕೆ ಹತ್ತು ಲಕ್ಷ ಡಾಲರ್‌ವರೆಗೆ ಅವಕಾಶ ಇದೆ. ತೆರಿಗೆ ಬಾಕಿ ಇಲ್ಲವೆಂಬ ನಮೂನೆಗಳನ್ನು ಲೆಕ್ಕಪರಿಶೋಧಕರಿಂದ ಮಾಡಿಸಿಕೊಳ್ಳಬೇಕು. ಸಿಟಿ ಸರ್ವೆ ಉತಾರ ಬೇರೆ, ಮಹಾನಗರ ಪಾಲಿಕೆಯ ಖಾತೆ ಬೇರೆ. ಎರಡಕ್ಕೂ ಅರ್ಜಿ ಕೊಡಿ, ದೃಢೀಕೃತ ನಕಲುಗಳನ್ನು ಹೆಚ್ಚಾಗಿ ತೆಗೆಸಿಟ್ಟುಕೊಳ್ಳಿ. ಮನೆ ಮಾರುವ ಯೋಚನೆ ಇದ್ದರೆ, ಆಡಳಿತಾಧಿಕಾರ ಪತ್ರ ಹಿಡಿದವರು ಸ್ಥಿರಾಸ್ತಿ ಮಾರುವ ಮುನ್ನ ನ್ಯಾಯಾಲಯದ ಅನುಮತಿ ಪಡೆಯಬೇಕು. ಓಸಿಐ ಕಾರ್ಡ್‌ದಾರರು ಕೃಷಿ ಭೂಮಿ ಕೊಳ್ಳುವಂತಿಲ್ಲ, ವಾರಸಾದಿಂದ ಪಡೆಯಬಹುದು. ಆದರೆ ಅದನ್ನು ಇಲ್ಲಿ ವಾಸವಿರುವ ಭಾರತೀಯ ಪ್ರಜೆಗೆ ಮಾತ್ರ ಮಾರಬಹುದು.

ಅಣ್ಣ ಧಾರವಾಡದ ಹೈಕೋರ್ಟ್ ಪೀಠಕ್ಕೆ ಮೇಲ್ಮನವಿ ಹೋಗಲಿಲ್ಲ. ಹೊಲದಲ್ಲಿ ಕಾಕಾನ ಪಾಲಿನ ಹಕ್ಕನ್ನು ಅಣ್ಣನಿಗೆ ಬಿಟ್ಟುಕೊಡಲು ತಂಗಿ ಸಿದ್ಧಳಿದ್ದಾಳೆ. ಅವಳೇ ಇಂಗ್ಲಿಷಿನಲ್ಲಿ ಬರೆದ ಕಾಗದವನ್ನು ನಾನು ಕನ್ನಡಕ್ಕೆ ತಂದು ಅತ್ತಿಗೆಯ ಕೈಗೆ ಕೊಟ್ಟು ಬಂದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಈಗ ನನ್ನ ಮೇಜಿನ ಮೇಲಿರುವುದು ನ್ಯಾಯಾಲಯಕ್ಕೆ ಕೊಡಬೇಕಾದ ಆಸ್ತಿಪಟ್ಟಿ. ಪತ್ರ ಸಿಕ್ಕ ಆರು ತಿಂಗಳೊಳಗೆ ಪಟ್ಟಿ, ಒಂದು ವರ್ಷದೊಳಗೆ ಜಮಾಖರ್ಚಿನ ಲೆಕ್ಕ ಸಲ್ಲಿಸಬೇಕು. ಬ್ಯಾಂಕ್ ರಸೀದಿ, ತೆರಿಗೆ ಚಲನ್, ವಕೀಲರ ಪಾವತಿ, ಎಲ್ಲವನ್ನೂ ಮೊದಲ ದಿನದಿಂದ ಒಂದೇ ಫೈಲಿನಲ್ಲಿ ಇಟ್ಟುಕೊಂಡು ಬಂದಿದ್ದರಿಂದ ಈ ಕೆಲಸವೊಂದು ಹಗುರಾಗಿದೆ.